ಲಿಸ್ಟ್‌ನಲ್ಲಿ ಡಿಸೆಂಬರ್ ಲೆಕ್ಕ ಮಾತ್ರ ಉಳಿಯುತ್ತಿದ್ದರೆ

ಪೈಥಾನ್ ಪ್ರೋಗ್ರಾಂನಲ್ಲಿ 12 ತಿಂಗಳ ಖರ್ಚನ್ನು ಫಾರ್ ಲೂಪ್‌ನಲ್ಲಿ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಸಾಲುಗಳು) ಲಿಸ್ಟ್‌ಗೆ ಹಾಕಿದರೂ ಕೊನೆಗೆ ಡಿಸೆಂಬರ್ ಲೆಕ್ಕವೊಂದೇ ಕಾಣುತ್ತಿದೆ ಅಂದಿದ್ದೀರಿ. ಬಹುಶಃ ಡಿಕ್ಷನರಿಯನ್ನು (ಹೆಸರು ಮತ್ತು ಅದರ ವ್ಯಾಲ್ಯೂ ಜೋಡಿಯಾಗಿ ಇಡುವ ರಚನೆ) ಲೂಪ್‌ನ ಹೊರಗೆ ಒಂದೇ ಸಲ ಮಾಡಿಕೊಂಡು, ಒಳಗೆ ಅದರ ವ್ಯಾಲ್ಯೂಗಳನ್ನಷ್ಟೇ ಬದಲಿಸುತ್ತಿದ್ದೀರಿ. ಲಿಸ್ಟ್‌ನ ಕೊನೆಗೆ ಸೇರಿಸುವ ಪೈಥಾನ್‌ನ ಅಪೆಂಡ್ ನಕಲು ಮಾಡಿಕೊಳ್ಳುವುದಿಲ್ಲ, ಅದೇ ಡಿಕ್ಷನರಿಯನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಒಂದೇ ಮನೆಯ ವಿಳಾಸವನ್ನು 12 ಚೀಟಿಯಲ್ಲಿ ಬರೆದಿಟ್ಟ ಹಾಗೆ. ಯಾವ ಚೀಟಿ ಹಿಡಿದು ಹೋದರೂ ಸಿಗುವವರು ಈಗ ಅಲ್ಲಿರುವವರೇ.

ಕೋಡ್ ಪೂರ್ತಿ ಹಾಕಿಲ್ಲವಾದ್ದರಿಂದ ಮೊದಲು ಖಚಿತ ಮಾಡಿಕೊಳ್ಳಿ: ಲೂಪ್ ಮುಗಿದ ಮೇಲೆ ಲೆನ್ ಕೊಟ್ಟು ಲಿಸ್ಟ್‌ನ ಉದ್ದ ನೋಡಿ.

12 ಬಂದರೆ ನಾನು ಹೇಳಿದ್ದೇ ಕಾರಣ. ಡಿಕ್ಷನರಿ ಮಾಡುವ ಸಾಲನ್ನು ಲೂಪ್‌ನ ಒಳಗೆ, ಎಲ್ಲಕ್ಕಿಂತ ಮೇಲೆ ಇಡಿ. ಖಾಲಿ ಲಿಸ್ಟ್ ಮಾಡುವ ಸಾಲು ಮಾತ್ರ ಹೊರಗೇ ಇರಲಿ.

1 ಬಂದರೆ ಕಥೆ ಉಲ್ಟಾ. ಖಾಲಿ ಲಿಸ್ಟ್ ಮಾಡುವ ಸಾಲು ಲೂಪ್ ಒಳಗೆ ಸೇರಿಕೊಂಡು ಪ್ರತಿ ಸುತ್ತಿಗೂ ಹಳೆಯದನ್ನು ಅಳಿಸುತ್ತಿದೆ, ಇಲ್ಲವೇ ಅಪೆಂಡ್ ಸಾಲಿನ ಇಂಡೆಂಟ್ (ಸಾಲಿನ ಶುರುವಿನ ಖಾಲಿ ಜಾಗ) ತಪ್ಪಿ ಅದು ಲೂಪ್‌ನಿಂದ ಹೊರಗೆ ಬಿದ್ದಿದೆ. ಎರಡನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ, ನಿಧಾನವಾಗಿ ನೋಡಿ.

ಡಿಕ್ಷನರಿ ಹೊರಗೇ ಇರಬೇಕು ಅಂತಿದ್ದರೆ ಅಪೆಂಡ್ ಮಾಡುವಾಗ ಅದರ ಕಾಪಿ ಮೆಥಡ್ ಬಳಸಿ. ಅದರೊಳಗೆ ಮತ್ತೊಂದು ಲಿಸ್ಟ್ ಇದ್ದರೆ ಅಷ್ಟು ಸಾಲದು, ಒಳಗಿನದನ್ನೂ ನಕಲು ಮಾಡುವ, ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ ಬೇಕು.