‘ಮೋಸ’ ಎಂದು ಬರೆಯುವ ಮೊದಲು ರಬ್ಬರ್ ಎಲೆ ನೋಡಿದ್ದೀರಾ?

ನಮಸ್ಕಾರ.

ಅಚ್ಚಿಗೆಂದು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸುಳ್ಯದ ಜೇನು ಕೃಷಿಕರೊಬ್ಬರಿಂದ ‘ರಬ್ಬರ್ ಜೇನು’ ಕೊಂಡಿದ್ದೀರಿ. ಅದು ಯಾವ ಗಿಡದ ಜೇನು ಎಂದು ತಿಳಿಯಲು ಕಾಲೇಜಿನ ಲ್ಯಾಬಿನಲ್ಲಿ ಅದರ ಪರಾಗ ಎಣಿಸಿ ಬರೆದಿದ್ದೀರಿ. ಕೆಲಸದ ವಿವರ ಚೊಕ್ಕವಾಗಿದೆ. 10 ಗ್ರಾಂ ಜೇನು, 20 ಮಿ.ಲೀ. ಬೆಚ್ಚಗಿನ ನೀರು, ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ, ತಳದಲ್ಲಿ ನಿಂತ ಗಸಿ, ಸ್ಲೈಡ್. ಯಾರು ಓದಿದರೂ ತಿಳಿಯುತ್ತದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಮುಚ್ಚಿಡದೆ ಹೇಳುತ್ತೇನೆ.

ಆ ಪುಟದ ಮೊದಲ ಸಾಲು: ‘ಸೂಕ್ಷ್ಮದರ್ಶಕದ ಕೆಳಗೆ ವಿಸ್ಮಯ ಲೋಕವೇ ತೆರೆದುಕೊಂಡಿತು.’ ಏನು ಕಂಡಿತು ಹೇಳಿ. ನಿಮಗೆ ಹೆಚ್ಚು ಸಿಕ್ಕಿದ್ದು ಮುಟ್ಟಿದರೆ ಮುನಿಯ ಪರಾಗ. ಅದು ಒಂಟಿಯಾಗಿ ಇರುವುದಿಲ್ಲ. ನಾಲ್ಕು ಕಾಳು ಒಂದಕ್ಕೊಂದು ಅಂಟಿಕೊಂಡು ಒಂದು ಪುಟ್ಟ ಉಂಡೆಯಾಗಿರುತ್ತದೆ. ಅದನ್ನು ನೀವು ಕಣ್ಣಾರೆ ನೋಡಿದ್ದೀರಿ. ಓದುಗರು ನೋಡಿಲ್ಲ. ಅವರಿಗೆ ಬೇಕಾದ್ದು ಆ ಉಂಡೆ, ವಿಸ್ಮಯ ಅಲ್ಲ.

ಎರಡನೇ ಸಾಲು: ‘ಶೇ. 52ರಷ್ಟು ಮುಟ್ಟಿದರೆ ಮುನಿ ಇರುವುದರಿಂದ ಇದು ಮುಟ್ಟಿದರೆ ಮುನಿಯ ಜೇನು.’ ಶೇ. 45 ದಾಟಿದರೆ ಆ ಪರಾಗ ಪ್ರಧಾನ ಎಂಬ ಲೆಕ್ಕ ನಿಮಗೆ ಗೊತ್ತಿದೆ. 1978ರಲ್ಲಿ ಲೂವೋ, ಮೌರಿಜಿಯೊ, ಫೋರ್ವೋಲ್ ಪ್ರಕಟಿಸಿದ, ಜೇನಿನ ಪರಾಗ ಎಣಿಸುವ ವಿಧಾನದಲ್ಲಿ ಅದಿದೆ. ಆದರೆ ಎಲ್ಲ ಗಿಡಕ್ಕೂ ಒಂದೇ ಅಳತೆ ಅಲ್ಲ ಎಂಬುದೂ ಅಲ್ಲೇ ಇದೆ. ಕಿತ್ತಳೆ ಜಾತಿಯ ಪರಾಗ ಜೇನಿಗೆ ಸೇರುವುದು ಕಡಿಮೆ, ಅದರ ಜೇನು ಎನ್ನಲು ಶೇ. 10-20 ಇದ್ದರೂ ಸಾಕು. ಯುರೋಪಿನ ಚೆಸ್ಟ್‌ನಟ್ ಮರದ ಪರಾಗ ಸೇರುವುದು ಹೆಚ್ಚು, ಅದರ ಜೇನು ಎನ್ನಲು ಶೇ. 90 ಬೇಕು. ಮುಟ್ಟಿದರೆ ಮುನಿಯ ಹೂವಿಗೆ ಜೇನ್ನೊಣ ಹೋಗುವುದು ಮಕರಂದಕ್ಕಲ್ಲ, ಮರಿಗಳಿಗೆ ಬೇಕಾದ ಪರಾಗಕ್ಕೆ. ಆ ಪರಾಗ ತೀರಾ ಸಣ್ಣದು. ಮೈಗೆ, ಕಾಲಿಗೆ ಅಂಟಿದ್ದು ಜೇನಿಗೂ ಸೇರುತ್ತದೆ. ಎಣಿಸುವಾಗ ರಾಶಿ ರಾಶಿ ಸಿಗುತ್ತದೆ. ಸಿಹಿ ಮಾತ್ರ ಬೇರೆ ಕಡೆಯಿಂದ ಬಂದದ್ದು.

ನನ್ನನ್ನು ಕೆಣಕಿದ್ದು ಮೂರನೇ ಸಾಲು: ‘ರಬ್ಬರ್ ಪರಾಗ ಒಂದೂ ಸಿಗಲಿಲ್ಲ. ಇದು ಗ್ರಾಹಕರಿಗೆ ಮಾಡಿದ ಮೋಸ.’ ಸಿಗಲೇಬೇಕು ಅಂತೇನಿಲ್ಲ ಸ್ವಾಮಿ! ರಬ್ಬರ್ ಜೇನು ಮುಖ್ಯವಾಗಿ ಹೂವಿನಿಂದ ಬರುವುದಲ್ಲ. ಎಲೆ ಉದುರಿ ಹೊಸ ಎಲೆ ಬಂದ ಮೇಲೆ, ತೊಟ್ಟಿನ ತುದಿಯಲ್ಲಿ ಮೂರು ಎಲೆ ಕೂಡುವ ಕಡೆ ಸಣ್ಣ ಗ್ರಂಥಿಗಳು ಸಿಹಿ ಜಿನುಗಿಸುತ್ತವೆ. ನೊಣ ಕೂರುವುದು ಅಲ್ಲಿ. ಅಲ್ಲಿ ಪರಾಗವೇ ಇಲ್ಲ ಅಂದ ಮೇಲೆ ಬಾಟಲಿಗೆ ಎಲ್ಲಿಂದ ಬರಬೇಕು? ಸರಿಯಾದ ಜೇನು ಮಾರಿದ ಮನುಷ್ಯನನ್ನು ನೀವು ಮೋಸಗಾರ ಅಂದಿರಿ. ಊರು ಹೇಳಿದ್ದೀರಿ, ತೋಟದ ದಾರಿ ಹೇಳಿದ್ದೀರಿ. ಅವರು ಯಾರು ಅಂತ ಆ ಕಡೆಯವರಿಗೆ ಗೊತ್ತಾಗದೆ ಇರುತ್ತದಾ?

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಈ ಕೆಲಸ ಕಲಿಯುವಾಗ ನಮ್ಮ ಮೇಷ್ಟ್ರು ಒಂದು ತಿಂಗಳು ಜೇನು ಮುಟ್ಟಲು ಬಿಡಲಿಲ್ಲ. ಗೊತ್ತಿರುವ ಹೂವಿನ ಮೊಗ್ಗು ತರಬೇಕು, ಸ್ಲೈಡ್ ಮಾಡಬೇಕು, ಪೆನ್ಸಿಲ್ಲಿನಲ್ಲಿ ಬಿಡಿಸಬೇಕು, ಅಷ್ಟೇ. ಸೂರ್ಯಕಾಂತಿ ಪರಾಗದ ಮುಳ್ಳು, ತೆಂಗಿನ ಪರಾಗದ ಒಂದೇ ಸೀಳು, ಹುಲ್ಲಿನ ಪರಾಗದ ಒಂಟಿ ತೂತು. ಬಿಡಿಸಿ ಬಿಡಿಸಿ ಬೆರಳು ನೋಯುತ್ತಿತ್ತು. ಆಮೇಲೆ ಹೊಸಕೋಟೆ ಕಡೆಯ ಒಂದು ಬಾಟಲಿ ಕೊಟ್ಟರು. ತ್ರಿಕೋನದ ಕಾಳು ತುಂಬಿತ್ತು. ಹಿಂದಿನ ದಿನವಷ್ಟೇ ನೇರಳೆ ಬಿಡಿಸಿದ್ದೆ. ‘ನೇರಳೆ ಜೇನು’ ಎಂದು ಚೀಟಿ ಅಂಟಿಸಿದೆ. ಅವರು ಕೇಳಿದ್ದು ಒಂದೇ: “ಆ ಊರಿಗೆ ಹೋಗಿದ್ದೀಯಾ?” ಭಾನುವಾರ ಬಸ್ಸು ಹತ್ತಿದೆ. ಜೇನುಪೆಟ್ಟಿಗೆ ಇಟ್ಟಿದ್ದ ಜಾಗದ ಸುತ್ತ ಕಣ್ಣು ಹಾಯುವಷ್ಟು ದೂರ ನೀಲಗಿರಿ ತೋಪು. ನೇರಳೆ, ನೀಲಗಿರಿ ಒಂದೇ ಕುಟುಂಬದವು, ಎರಡರ ಪರಾಗವೂ ತ್ರಿಕೋನ. ನೇರಳೆಯದು ಸಣ್ಣದು. ನಾನು ಅಳತೆಯನ್ನೇ ತೆಗೆದಿರಲಿಲ್ಲ. ವಾಪಸ್ ಬಂದು ಆ ಚೀಟಿ ಕೀಳುವಾಗ ಆದ ಸಂಕಟ ಇವತ್ತಿಗೂ ನೆನಪಿದೆ. ನನ್ನ ಚೀಟಿ ಲ್ಯಾಬಿನಲ್ಲೇ ಉಳಿಯಿತು. ನಿಮ್ಮದು ಅಚ್ಚಾಗುವುದರಲ್ಲಿತ್ತು.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಮೊದಲು ಸುಳ್ಯದ ಆ ಕೃಷಿಕರ ಜೊತೆ ಮಾತಾಡಿ. ರಬ್ಬರ್ ಹೊಸ ಎಲೆ ಬಿಟ್ಟ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ, ಒಂದು ಬೆಳಗ್ಗೆ ಅವರ ಜೊತೆ ತೋಟದಲ್ಲಿ ನಿಲ್ಲಿ. ಕೈಗೆಟುಕುವ ಕೊಂಬೆಯಲ್ಲಿ ತೊಟ್ಟಿನ ತುದಿ ಮುಟ್ಟಿ ನೋಡಿ, ಬೆರಳು ಅಂಟುತ್ತದೆ. ಮೂರನೇ ಪುಟವನ್ನು ಅಲ್ಲಿಂದ ಶುರು ಮಾಡಿ ಕಳಿಸಿ. ನಾನು ಕಾಯುತ್ತೇನೆ.