ಫೆರೋ, ತುಲಿ, ಲಾತುಮ್: ಒಂದು ಕ್ರಿಯಾಪದ, ಎರಡು ಬೇರು

ಪ್ರಶ್ನೆ: ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಮಾವು ಮ್ಯಾಂಜಿಫೆರಾ, ತೆಂಗು ನ್ಯೂಸಿಫೆರಾ, ನುಗ್ಗೆ ಓಲಿಫೆರಾ. ಈ ‘ಫೆರಾ’ ಏನೆಂದು ಲ್ಯಾಟಿನ್ ನಿಘಂಟು ನೋಡಿದರೆ ‘ಫೆರೋ, ಫೆರ್ರೆ, ತುಲಿ, ಲಾತುಮ್’ ಅಂತಿದೆ. ಇವೆಲ್ಲ ಒಂದೇ ಪದದ ರೂಪಗಳಾ? ಒಂದಕ್ಕೊಂದು ಹೋಲುವುದೇ ಇಲ್ಲವಲ್ಲ?

ಉತ್ತರ: ಹೌದು, ನಾಲ್ಕೂ ಒಂದೇ ಕ್ರಿಯಾಪದದವು. ‘ಹೊರುತ್ತೇನೆ, ಹೊರುವುದು, ಹೊತ್ತೆ, ಹೊರಲು’ ಎಂಬ ಕ್ರಮದಲ್ಲಿ ನಿಘಂಟು ಕೊಡುತ್ತದೆ. ಹೊರು, ತರು, ತಾಳಿಕೋ, ಮೂರೂ ಇದರ ಅರ್ಥಗಳೇ. ‘ಫೆರುಂತ್’ ಅಂದರೆ ‘ಹೊರುತ್ತಾರೆ’. ಮಾತಿನ ವಿಷಯ ಬಂದಾಗ ‘ಹಾಗಂತಾರೆ’ ಎಂದೂ ಆಗುತ್ತದೆ. ಮ್ಯಾಂಜಿಫೆರಾ ಅಂದರೆ ಮಾವಿನಹಣ್ಣು ಬಿಡುವ ಮರ, ನ್ಯೂಸಿಫೆರಾ ಕಾಯಿ ಬಿಡುವಂಥದ್ದು, ಓಲಿಫೆರಾ ಎಣ್ಣೆ ಕೊಡುವಂಥದ್ದು. ಮೊದಲೆರಡು ಹೆಸರು ಸಸ್ಯವಿಜ್ಞಾನಿ ಲಿನೇಯಸ್‌ನ 1753ರ ಪುಸ್ತಕದಲ್ಲೇ ಇವೆ.

ಇನ್ನು ಹೋಲಿಕೆಯ ಮಾತು. ಇಲ್ಲಿ ಎರಡು ಬೇರೆ ಧಾತುಗಳು ಸೇರಿಕೊಂಡಿವೆ. ಹಿಂದಿಯಲ್ಲಿ ‘ಜಾನಾ’ದ ಭೂತಕಾಲ ‘ಗಯಾ’ ಆಗುತ್ತದಲ್ವಾ, ಹಾಗೆಯೇ.

‘ಫೆರೋ’ದ ಬೇರು ಸಂಸ್ಕೃತದ ‘ಭೃ’ ಧಾತುವಿನದೇ. ಈ ಭಾಷೆಗಳಿಗೆಲ್ಲ ಮೂಲವಾದ ಭಾಷೆಯ ‘ಭ’ ಸಂಸ್ಕೃತದಲ್ಲಿ ಹಾಗೇ ಉಳಿಯಿತು. ಪದದ ಮೊದಲಲ್ಲಿ ಅದು ಲ್ಯಾಟಿನ್‌ನಲ್ಲಿ ‘ಫ’, ಇಂಗ್ಲಿಷಿನಲ್ಲಿ ‘ಬ’ ಆಯಿತು. ಭ್ರಾತೃ, ಫ್ರಾತೆರ್, ಬ್ರದರ್ ಎಂದು ಹೇಳಿ ನೋಡಿ, ಗೊತ್ತಾಗುತ್ತದೆ. ಸಂಸ್ಕೃತದ ಭರಂತಿ (ಹೊರುತ್ತಾರೆ) ಮತ್ತು ಫೆರುಂತ್ ಅಕ್ಕಪಕ್ಕ ಇಟ್ಟರೆ ಕೊನೆಯ ಪ್ರತ್ಯಯವೂ ಒಂದೇ ಮನೆಯದು. 1816ರಲ್ಲಿ ಜರ್ಮನ್ ಭಾಷಾವಿಜ್ಞಾನಿ ಫ್ರಾಂಝ್ ಬಾಪ್ ಇಂಥ ಕ್ರಿಯಾರೂಪಗಳನ್ನೇ ಹೋಲಿಸಿ ಈ ಭಾಷೆಗಳ ನಂಟನ್ನು ತೋರಿಸಿದ.

‘ತುಲಿ’ಯ ಬೇರು ಎತ್ತುವುದಕ್ಕೆ ಸಂಬಂಧಿಸಿದ್ದು. ಸಂಸ್ಕೃತದ ‘ತುಲಾ’, ಅಂದರೆ ತಕ್ಕಡಿ, ಇದರದೇ ಬಳಗ. ಹಳೆಯ ರೋಮನ್ ನಾಟಕಕಾರ ಪ್ಲಾಟಸ್ ‘ತೆತುಲಿ’ ಎಂದೂ ಬರೆಯುತ್ತಾನೆ. ‘ಲಾತುಮ್’ ಮೊದಲು ‘ತ್ಲಾತುಮ್’ ಆಗಿತ್ತು, ಮೊದಲಿನ ‘ತ’ ಬಿದ್ದುಹೋಯಿತು. ಹಾಗಾಗಿ ತುಲಿ, ಲಾತುಮ್ ಒಂದೇ ಬೇರಿನವು. ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ: ನಾವು ದೇವಸ್ಥಾನದಲ್ಲಿ ಮಾಡಿಸುವ ‘ತುಲಾಭಾರ’ ಎಂಬ ಪದದಲ್ಲಿ ಈ ಎರಡೂ ಬೇರುಗಳು ಒಟ್ಟಿಗಿವೆ! ‘ತುಲಾ’ದಲ್ಲಿ ತುಲಿ, ‘ಭಾರ’ದಲ್ಲಿ ಫೆರೋ.

ವರ್ತಮಾನಕಾಲದ ರೂಪಗಳು: ಫೆರೋ (ನಾನು), ಫೆರ್ಸ್ (ನೀನು), ಫೆರ್ತ್ (ಅವನು, ಅವಳು, ಅದು), ಫೆರಿಮುಸ್ (ನಾವು), ಫೆರ್ತಿಸ್ (ನೀವು), ಫೆರುಂತ್ (ಅವರು). ಲ್ಯಾಟಿನ್ ಕ್ರಿಯಾಪದಗಳನ್ನು ರೂಪಗಳ ಪ್ರಕಾರ ಗುಂಪು ಮಾಡುತ್ತಾರೆ, ಫೆರೋ ಮೂರನೇ ಗುಂಪಿನದು. ಆ ಗುಂಪಿನ ಉಳಿದ ಕ್ರಿಯಾಪದಗಳಲ್ಲಿ ‘ರೆಗಿತ್’ (ಆಳುತ್ತಾನೆ) ಎಂಬಂತೆ ನಡುವೆ ‘ಇ’ ಇರುತ್ತದೆ. ಇಲ್ಲಿ ಫೆರ್ಸ್, ಫೆರ್ತ್, ಫೆರ್ತಿಸ್ ಮೂರರಲ್ಲಿ ಅದಿಲ್ಲ. ಆಜ್ಞೆಗೆ ‘ಫೆರ್’ ಅಷ್ಟೇ ಸಾಕು, ನಮ್ಮ ‘ತಾ’ದ ಹಾಗೆ. ಭೂತಕಾಲ ಸಲೀಸು: ತುಲಿ, ತುಲಿಸ್ತಿ, ತುಲಿತ್, ತುಲಿಮುಸ್, ತುಲಿಸ್ತಿಸ್, ತುಲೆರುಂತ್. ಭವಿಷ್ಯ ಫೆರಾಮ್, ಫೆರೆಸ್ ಎಂದು ಶುರುವಾಗುತ್ತದೆ. ಅಲ್ಲಿ ವಿಶೇಷವೇನೂ ಇಲ್ಲ.

ಜಾಸ್ತಿ ಗಮನ ಕೊಡಬೇಕಾದ್ದು ಉಪಸರ್ಗ ಸೇರಿದ ರೂಪಗಳಿಗೆ. ‘ರೆಫೆರೋ’ದ (ಹಿಂದಕ್ಕೆ ತರುತ್ತೇನೆ) ಭೂತಕಾಲ ‘ರೆತ್ತುಲಿ’, ನಾಲ್ಕನೆಯ ರೂಪ ‘ರೆಲಾತುಮ್’. ‘ಆಫ್ಫೆರೋ’ (ಬಳಿಗೆ ತರುತ್ತೇನೆ) ಹೋಗಿ ‘ಆತ್ತುಲಿ’, ‘ಆಲ್ಲಾತುಮ್’ ಆಗುತ್ತದೆ. ಇಂಗ್ಲಿಷಿನ ರೆಫರ್–ರಿಲೇಟ್, ಟ್ರಾನ್ಸ್‌ಫರ್–ಟ್ರಾನ್ಸ್‌ಲೇಟ್ ಜೋಡಿಗಳು ಹುಟ್ಟಿದ್ದು ಹೀಗೆ. ನಿಘಂಟಿನಲ್ಲಿ ‘ಆಲ್ಲಾತುಮ್’ ಹುಡುಕುವಾಗ ‘ಲ’ ಕೆಳಗೆ ನೋಡಬೇಡಿ, ನೇರವಾಗಿ ‘ಆಫ್ಫೆರೋ’ಗೆ ಹೋಗಿ.