ಕನ್ಸೋಲ್ ಹಳೆಯದಾದಷ್ಟೂ ಬೆಲೆ ಏರೋದು ಸರೀನಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಪಿಎಸ್‌5 (ಸೋನಿ ಕಂಪನಿಯ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್) ತಗೋಬೇಕು ಅಂತ ಟ್ಯೂಷನ್ ಹೇಳಿ ದುಡ್ಡು ಕೂಡಿಡುತ್ತಿದ್ದೇನೆ. ಹೊಸದಾಗಿ ಬಂದಾಗ ಬೆಲೆ ಜಾಸ್ತಿ ಇರುತ್ತೆ, ನಾಲ್ಕೈದು ವರ್ಷ ತಡೆದರೆ ಇಳಿಯುತ್ತೆ ಅಂತ ಅಣ್ಣ ಹೇಳಿದ್ದ. ಇಳಿಯೋದಿರಲಿ, ಏರುತ್ತಾ ಹೋಗುತ್ತಿದೆ. ಒಂದು ಗೇಮಿಗೇ ಐದು ಸಾವಿರ. ಹಣದುಬ್ಬರ ಲೆಕ್ಕ ಹಾಕಿದರೆ ಇದು ಜಾಸ್ತಿಯೇ ಅಲ್ಲ ಅಂತ ಕೆಲವರು ಹೇಳುತ್ತಾರೆ. ಕಂಪನಿಗಳು ಸುಲಿಯುತ್ತಿವೆ ಅಂತ ಇನ್ನು ಕೆಲವರು. ಯಾರ ಮಾತು ನಿಜ?

ಉತ್ತರ: ಯಂತ್ರದ ಬೆಲೆ ಬೇರೆ, ಗೇಮಿನ ಬೆಲೆ ಬೇರೆ. ಎರಡನ್ನೂ ಸೇರಿಸಿ ವಾದ ಮಾಡುವುದರಿಂದಲೇ ಇಷ್ಟು ಗೊಂದಲ. ಯಂತ್ರಕ್ಕೆ ಜಾಸ್ತಿ ಕೇಳುವುದಕ್ಕೆ ಬಹುಮಟ್ಟಿಗೆ ಕಾರಣ ಇದೆ. ಗೇಮ್ ಒಂದಕ್ಕೆ 80 ಡಾಲರ್ ಕೇಳುವುದು ಮಾತ್ರ ನ್ಯಾಯವಲ್ಲ. ಗೇಮ್ ತಯಾರಿಸುವ ಕೆಲಸದಲ್ಲೇ ಇರುವವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಅಣ್ಣ ಹೇಳಿದ್ದನ್ನು ನೋಡೋಣ. ಅವರ ಕಾಲಕ್ಕೆ ಅದು ಪೂರ್ತಿ ನಿಜ. ಪಿಎಸ್‌2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂತು. 2002ರಲ್ಲಿ 199 ಆಯಿತು, 2004ರಲ್ಲಿ 149. 2009ರಲ್ಲಿ 99 ಡಾಲರಿಗೆ ಸಿಗುತ್ತಿತ್ತು. ಪಿಎಸ್‌3 ಬಂದದ್ದು 2006ರಲ್ಲಿ, 499 ಮತ್ತು 599 ಡಾಲರಿಗೆ. ಇಷ್ಟು ದುಬಾರಿಯಾ ಅಂತ ಜನ ಬಾಯಿಗೆ ಬಂದಂತೆ ಬೈದರು. ಮೂರೇ ವರ್ಷದಲ್ಲಿ ಅದೂ 299ಕ್ಕೆ ಇಳಿಯಿತು.

ಕಂಪನಿಗೆ ನಮ್ಮ ಮೇಲೆ ಕನಿಕರ ಬಂದು ಇಳಿಸಿದ್ದಲ್ಲ. ಒಳಗಿನ ಚಿಪ್ ಅಗ್ಗವಾಗುತ್ತಿತ್ತು, ಅಷ್ಟೆ. ಪಿಎಸ್‌2 ಒಳಗೆ ಶುರುವಿನಲ್ಲಿ ಎರಡು ದೊಡ್ಡ ಚಿಪ್ ಇದ್ದವು. ಲೆಕ್ಕ ಮಾಡುವುದಕ್ಕೆ ಎಮೋಷನ್ ಎಂಜಿನ್, ಚಿತ್ರ ಮೂಡಿಸುವುದಕ್ಕೆ ಗ್ರಾಫಿಕ್ಸ್ ಸಿಂಥಸೈಜರ್. ಕೆಲವೇ ವರ್ಷಗಳಲ್ಲಿ ಎರಡೂ ಸೇರಿ ಬೆರಳ ಉಗುರಿನಷ್ಟಗಲದ ಒಂದೇ ಚಿಪ್ ಆಯಿತು. ಚಿಪ್ ಚಿಕ್ಕದಾದರೆ ಒಂದು ಸಿಲಿಕಾನ್ ಬಿಲ್ಲೆಯಿಂದ ಜಾಸ್ತಿ ಚಿಪ್ ಕತ್ತರಿಸಬಹುದು. ಕರೆಂಟ್ ಕಡಿಮೆ ಸಾಕು, ಬಿಸಿಯೂ ಕಡಿಮೆ. ಹಾಗಾಗಿ ಫ್ಯಾನ್ ಚಿಕ್ಕದು, ಡಬ್ಬವೂ ಚಿಕ್ಕದು. ಹಡಗಿನ ಒಂದು ಕಂಟೇನರಿನಲ್ಲಿ ಹಿಡಿಸುವ ಡಬ್ಬಗಳು ಜಾಸ್ತಿ. ಒಂದು ಕಡೆ ಉಳಿದ ಕಾಸು ಹತ್ತು ಕಡೆ ಉಳಿತಾಯ ಮಾಡಿಸುತ್ತಿತ್ತು.

ಆ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿದೆ. ಪಿಎಸ್‌5, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಎರಡರ ಚಿಪ್ಪೂ ಎಎಂಡಿ ಕಂಪನಿಯ ವಿನ್ಯಾಸ. ಅದನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಪಿಎಸ್‌5 ಚಿಪ್ 7 ನ್ಯಾನೊಮೀಟರಿನಿಂದ (ಈ ಅಂಕಿ ಇಳಿದಷ್ಟೂ ಚಿಪ್ ಸಣ್ಣದು) 2022ರಲ್ಲಿ 6ಕ್ಕೆ ಬಂತು. ಒಂದಿಷ್ಟು ಉಳಿಯಿತು, ಆದರೆ ಹಿಂದಿನ ಹಾಗೆ ಅರ್ಧಕ್ಕರ್ಧ ಅಲ್ಲ. ಇನ್ನೂ ಸಣ್ಣದು ಮಾಡೋಣ ಅಂದರೆ ಬಿಲ್ಲೆಯ ಬೆಲೆಯೇ ವಿಪರೀತ ಏರುತ್ತದೆ. ಜಾಗದಲ್ಲಿ ಉಳಿಸಿದ್ದು ಅಲ್ಲೇ ಕರಗಿಹೋಗುತ್ತದೆ.

ಇದರ ಮೇಲೆ ಮೆಮೊರಿಯ ಕಾಟ. ಪಿಎಸ್‌5 ಒಳಗೆ 16 ಜಿಬಿ ಮೆಮೊರಿ ಇದೆ, ಅದರ ಜೊತೆಗೆ ಗೇಮುಗಳನ್ನು ತುಂಬಿಡುವ ಎಸ್‌ಎಸ್‌ಡಿ. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಈ ಮೂರೇ ಕಂಪನಿ. ಎಐ ಡೇಟಾ ಸೆಂಟರುಗಳು ಕೇಳಿದಷ್ಟು ದುಡ್ಡು ಕೊಟ್ಟು ಮೆಮೊರಿ ಎತ್ತಿಕೊಂಡು ಹೋಗುತ್ತಿವೆ. 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂತ ಮೈಕ್ರಾನ್ ಡಿಸೆಂಬರಿನಲ್ಲಿ ಹೇಳಿತು. ನಮ್ಮಂಥ ಗಿರಾಕಿಗಳು ಅವರಿಗೆ ಬೇಡವಾಗಿದ್ದೇವೆ ಅಂತಲೇ ಅರ್ಥ. ಅಮೆರಿಕದ ಆಮದು ಸುಂಕ ಇನ್ನೊಂದು ಹೊರೆ.

ಮೆಮೊರಿ ಬೆಲೆ ಗಗನಕ್ಕೇರಿದ್ದು ಆಮೇಲೆ. ಆದರೂ ಚಿಪ್ಪು, ಸುಂಕ ಎರಡನ್ನೇ ನೋಡಿದರೂ ಪಿಎಸ್‌5 ಅಮೆರಿಕದಲ್ಲಿ 2020ರಲ್ಲಿ 499 ಡಾಲರಿಗೆ ಬಂದು, 2025ರ ಆಗಸ್ಟಿನಲ್ಲಿ 549 ಆದದ್ದಕ್ಕೆ ನಾನು ಕಂಪನಿಯನ್ನು ಬೈಯುವುದಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಲೆಕ್ಕ ಬೇರೆ. ಅದು 2025ರ ಮೇ ತಿಂಗಳಲ್ಲಿ 499ರಿಂದ 599ಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಮತ್ತೆ ಏರಿ 649. ಆರು ತಿಂಗಳೊಳಗೆ 150 ಡಾಲರ್ ಏರಿಸುವಷ್ಟು ಖರ್ಚು ಏರಿತ್ತು ಅಂದರೆ ನಂಬುವುದು ಕಷ್ಟ.

ಪಿಎಸ್‌5 ವಿಷಯದಲ್ಲೂ ಒಂದು ಮಾತು ಹೇಳಲೇಬೇಕು. ಯುರೋಪಿನಲ್ಲಿ ಡಿಜಿಟಲ್ ಎಡಿಷನ್‌ನ (ಡಿಸ್ಕ್ ಹಾಕುವ ಜಾಗ ಇಲ್ಲದ, ಡೌನ್‌ಲೋಡ್ ಮಾಡಿಯೇ ಆಡುವ ಪಿಎಸ್‌5) ಹೊಸ ಮಾಡೆಲ್ ಬಂದಾಗ ಎಸ್‌ಎಸ್‌ಡಿ 1 ಟಿಬಿಯಿಂದ 825 ಜಿಬಿಗೆ ಇಳಿಯಿತು. ಬೆಲೆ ಇಳಿಯಲಿಲ್ಲ. ಬಿಸ್ಕತ್ ಪ್ಯಾಕೆಟ್ಟಿನ ರೇಟು ಹಾಗೇ ಇಟ್ಟು ಒಳಗೆ ಎರಡು ಬಿಸ್ಕತ್ ಕಡಿಮೆ ಮಾಡಿದ ಹಾಗೆ. ಇದೂ ಬೆಲೆ ಏರಿಕೆಯೇ, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.

ಇನ್ನು ಹಣದುಬ್ಬರದ ವಾದ. 1995ರಲ್ಲಿ ಮೊದಲ ಪ್ಲೇಸ್ಟೇಷನ್ 299 ಡಾಲರ್ ಇತ್ತು, ಇವತ್ತಿನ ಲೆಕ್ಕದಲ್ಲಿ ಅದು 600 ದಾಟುತ್ತದೆ, ಹಾಗಾಗಿ ಈಗಿನದೇ ಅಗ್ಗ ಅನ್ನುತ್ತಾರೆ. ಲೆಕ್ಕ ಸರಿ, ಹೋಲಿಕೆ ತಪ್ಪು. ಹೊಸ ಯಂತ್ರವನ್ನು ಹೊಸ ಯಂತ್ರದ ಜೊತೆ ಹೋಲಿಸಬೇಕು, ಐದು ವರ್ಷ ಹಳೆಯದನ್ನು ಐದು ವರ್ಷ ಹಳೆಯದರ ಜೊತೆ. ನಾಲ್ಕು ವರ್ಷಕ್ಕೇ ಪಿಎಸ್‌2 ಅರ್ಧ ಬೆಲೆಗೆ ಬಂದಿತ್ತು. ದುಡ್ಡು ಕಡಿಮೆ ಇರುವ ಮನೆಯ ಮಕ್ಕಳ ಕೈಗೆ ಕನ್ಸೋಲ್ ಸಿಗುತ್ತಿದ್ದದ್ದೇ ಆ ಹೊತ್ತಿಗೆ. ನಿಮ್ಮ ಹಾಗೆ ತಾಳ್ಮೆಯಿಂದ ಕಾಯುತ್ತಿದ್ದವರಿಗೆ ಒಂದು ಬಾಗಿಲು ತೆರೆದೇ ಇರುತ್ತಿತ್ತು. ಈಗ ಅದು ಮುಚ್ಚಿದೆ. ನನಗೆ ಎಲ್ಲಕ್ಕಿಂತ ಬೇಸರ ತರುವ ಸಂಗತಿ ಅದು.

ನಮ್ಮ ದೇಶದ ಲೆಕ್ಕ ನೋಡಿದರೆ ನಿಮಗೆ ಆಶ್ಚರ್ಯ ಆಗಬಹುದು. ಪಿಎಸ್‌5 ಇಲ್ಲಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. 2022ರ ನವೆಂಬರಿನಲ್ಲಿ 54,990 ಆಯಿತು. 2024ರಲ್ಲಿ ಸ್ಲಿಮ್ ಅನ್ನುವ ಚಿಕ್ಕ ಮಾಡೆಲ್ ಬಂದಾಗಲೂ ಅದೇ ಬೆಲೆ. ಬಿ.ಕಾಂ. ಓದುವವರು ನೀವು, ಇದನ್ನು ಬಿಡಿಸಿ ನೋಡಿ. 54,990ರಲ್ಲಿ 18 ಪರ್ಸೆಂಟ್ ಜಿಎಸ್‌ಟಿಯೇ ಸುಮಾರು 8,390 ರೂಪಾಯಿ. ಅದನ್ನು ತೆಗೆದರೆ ಉಳಿಯುವುದು 46,600. ಕಸ್ಟಮ್ಸ್ ಸುಂಕವೂ ಅಂಗಡಿಯವರ ಲಾಭವೂ ಇದರೊಳಗೇ ಇದೆ. ಅಮೆರಿಕದ 549 ಡಾಲರಿಗೆ ಅಲ್ಲಿನ ಸೇಲ್ಸ್ ಟ್ಯಾಕ್ಸ್ ಸೇರಿರುವುದಿಲ್ಲ. ಏರಿಸಿದಾಗ ಡಾಲರಿಗೆ 87 ರೂಪಾಯಿ ಇತ್ತು, ಅಂದರೆ ಸುಮಾರು 47,800. ತೆರಿಗೆ ಬಿಟ್ಟರೆ ಆಗ ನಮ್ಮದೇ ಸ್ವಲ್ಪ ಕಡಿಮೆ ಇತ್ತು! 2021ರಲ್ಲಿ ಡಾಲರಿಗೆ 73 ಇತ್ತು. ರೂಪಾಯಿ ಬಿದ್ದಷ್ಟು ಇಲ್ಲಿ ಬೆಲೆ ಏರಿರಲಿಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕು.

ಆದರೆ ಸಂಬಳ ಡಾಲರಿನಲ್ಲಿ ಬರುವುದಿಲ್ಲವಲ್ಲ. ಅಮೆರಿಕದಲ್ಲಿ ಗಂಟೆಗೆ 7.25 ಡಾಲರ್ ಕನಿಷ್ಠ ಕೂಲಿ ದುಡಿಯುವವನಿಗೂ 70 ಡಾಲರಿನ ಗೇಮ್ ಅಂದರೆ ಹತ್ತು ಗಂಟೆ ಕೆಲಸ. ಇಲ್ಲಿ ತಿಂಗಳಿಗೆ 20 ಸಾವಿರ ದುಡಿಯುವವನಿಗೆ 4,999 ರೂಪಾಯಿಯ ಗೇಮ್ ಅಂದರೆ ಕಾಲು ಸಂಬಳ. ಹೆಚ್ಚುಕಡಿಮೆ ಒಂದು ವಾರದ ದುಡಿಮೆ. ನಿಮ್ಮ ಸಂಕಟ ಸುಮ್ನೆ ಗೊಣಗಾಟ ಅಲ್ಲ.

ಗೇಮಿನ ಬೆಲೆಗೆ ಬರೋಣ. 2005ರಿಂದ 2020ರವರೆಗೆ ದೊಡ್ಡ ಗೇಮುಗಳಿಗೆ 60 ಡಾಲರ್ ಅಂತ ನಿಗದಿಯಾಗಿತ್ತು. ಆಮೇಲೆ 70. ನಿಂಟೆಂಡೊ 2025ರ ಜೂನಿನಲ್ಲಿ ತನ್ನ ಹೊಸ ಕನ್ಸೋಲ್ ಸ್ವಿಚ್ 2 ಜೊತೆಗೆ ತಂದ ಮಾರಿಯೊ ಕಾರ್ಟ್ ವರ್ಲ್ಡ್‌ಗೆ 80 ಕೇಳಿತು.

ಖರ್ಚು ಏರಿದ್ದು ಸುಳ್ಳಲ್ಲ. 2023ರಲ್ಲಿ ಮೈಕ್ರೋಸಾಫ್ಟ್ ಮೇಲೆ ಅಮೆರಿಕ ಸರ್ಕಾರದ ಎಫ್‌ಟಿಸಿ (ವ್ಯಾಪಾರದಲ್ಲಿ ಪೈಪೋಟಿ ಕಾಯುವ ಸಂಸ್ಥೆ) ಹೂಡಿದ್ದ ಕೇಸಿನಲ್ಲಿ ಸೋನಿಯ ಒಂದು ದಾಖಲೆ ಹೊರಬಂತು. ಗುಟ್ಟಿನ ಅಂಕಿಗಳನ್ನು ಕಪ್ಪು ಮಾರ್ಕರಿನಿಂದ ಹೊಡೆದು ಸ್ಕ್ಯಾನ್ ಮಾಡಿದ್ದರು. ಶಾಯಿಯ ಹಿಂದಿದ್ದ ಅಕ್ಷರ ಕಾಣುತ್ತಿತ್ತು! ದ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ. ಹೆಚ್ಚಿನದು ಜನರ ಸಂಬಳ. ಗೇಮಿನ ಊರೊಂದರಲ್ಲಿ ಮೂಲೆಗೆ ನಿಂತ ಗಾಡಿಯನ್ನೇ ತಗೊಳ್ಳಿ. ಒಬ್ಬರು ಅದರ ಆಕಾರ ಮಾಡಬೇಕು. ಇನ್ನೊಬ್ಬರು ಮರದ ಗೆರೆ, ತುಕ್ಕು, ಚಕ್ರಕ್ಕೆ ಮೆತ್ತಿದ ಕೆಸರು ಹಚ್ಚಬೇಕು. ಚಕ್ರ ಉರುಳುವುದು ಒಬ್ಬರ ಕೆಲಸ, ಅದರ ಕಿರ್ ಸದ್ದು ಇನ್ನೊಬ್ಬರದು. ಆಮೇಲೆ ಟೆಸ್ಟರ್ ಕೂತು ಅದನ್ನು ಎಲ್ಲ ಗೋಡೆಗೂ ಗುದ್ದಿಸಿ, ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂತ ಬರೆದುಕೊಡಬೇಕು. ಆಡುವವರು ಆ ಗಾಡಿಯನ್ನು ಎರಡು ಸೆಕೆಂಡ್ ನೋಡುತ್ತಾರೆ. ಇಂಥ ಕೆಲಸ ಬೆಂಗಳೂರಿನ ಸ್ಟುಡಿಯೋಗಳಲ್ಲೂ ನಡೆಯುತ್ತದೆ, ಆ ಜನರಿಗೆ ಸರಿಯಾದ ಸಂಬಳ ಸಿಗಲೇಬೇಕು.

ಹಾಗಿದ್ದರೂ 80 ಯಾಕೆ ಒಪ್ಪುವುದಿಲ್ಲ? ಸಾಫ್ಟ್‌ವೇರಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಹತ್ತು ಲಕ್ಷ ಪ್ರತಿ ಮಾರಿದರೂ ಒಂದು ಕೋಟಿ ಮಾರಿದರೂ ತಯಾರಿಸುವ ಖರ್ಚು ಹೆಚ್ಚುಕಡಿಮೆ ಅಷ್ಟೇ. ಮೊದಲು ಡಿಸ್ಕ್ ಅಚ್ಚು ಹಾಕಿಸಿ, ಡಬ್ಬಕ್ಕೆ ತುಂಬಿ, ಲಾರಿಗೆ ಹೇರಿ, ಅಂಗಡಿಗೆ ಕಮಿಷನ್ ಕೊಟ್ಟು ಮಾರಬೇಕಿತ್ತು. ಈಗ ಬಹುಪಾಲು ಡೌನ್‌ಲೋಡ್. ಆ ಉಳಿತಾಯ ನಮ್ಮ ಕೈಗೆ ಬರಲೇ ಇಲ್ಲ. ಇಷ್ಟು ಕೊಟ್ಟ ಮೇಲೂ ಡೀಲಕ್ಸ್ ಎಡಿಷನ್, ಸೀಸನ್ ಪಾಸ್, ಒಳಗೆ ಕೊಳ್ಳುವ ನಾಣ್ಯ. ಫಿಫಾ ಮುಂತಾದ ಆಟಗಳಲ್ಲಿ ದುಡ್ಡು ಕೊಟ್ಟು ಆಟಗಾರರ ಕಾರ್ಡ್ ಕೊಳ್ಳುವ ಅಲ್ಟಿಮೇಟ್ ಟೀಮ್ ಒಂದರಿಂದಲೇ ಇಎ ಕಂಪನಿಗೆ 2020-21ರಲ್ಲಿ 160 ಕೋಟಿ ಡಾಲರಿಗೂ ಹೆಚ್ಚು ಬಂದಿತ್ತು. ಸೋನಿಯ ಗೇಮ್ ವಿಭಾಗಕ್ಕೆ 2024-25ರಲ್ಲಿ ಸಿಕ್ಕ ಲಾಭ 41 ಸಾವಿರ ಕೋಟಿ ಯೆನ್ ದಾಟಿತ್ತು. ಇವರು ನಷ್ಟದಲ್ಲಿ ಇದ್ದು ಕೇಳುತ್ತಿಲ್ಲ.

ದೊಡ್ಡ ಖರ್ಚಿಲ್ಲದೆ ಒಳ್ಳೆಯ ಗೇಮ್ ಬರುವುದಿಲ್ಲ ಅನ್ನೋದೂ ಸುಳ್ಳು. ಫ್ರಾನ್ಸಿನ ಮಾಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಸ್ಟುಡಿಯೋ ಮೂವತ್ತರ ಆಸುಪಾಸು ಜನರ ತಂಡ ಇಟ್ಟುಕೊಂಡು, ಹೊರಗಿನವರ ಸಹಾಯವನ್ನೂ ಪಡೆದು ಕ್ಲೇರ್ ಆಬ್‌ಸ್ಕ್ಯೂರ್ ಮಾಡಿತು. 2025ರಲ್ಲಿ 50 ಡಾಲರಿಗೆ ಮಾರಿತು. ಲಕ್ಷಗಟ್ಟಲೆ ಜನ ಕೊಂಡರು. ಅದೇ ವರ್ಷ ಹಾಲೋ ನೈಟ್: ಸಿಲ್ಕ್‌ಸಾಂಗ್ ಬರೀ 20 ಡಾಲರಿಗೆ ಬಂತು. ದಿ ಔಟರ್ ವರ್ಲ್ಡ್ಸ್ 2 ಗೇಮಿಗೆ 80 ಅಂತ ಘೋಷಿಸಿದ್ದ ಮೈಕ್ರೋಸಾಫ್ಟ್, ಜನ ತಕರಾರು ಮಾಡಿದ ಮೇಲೆ 70ಕ್ಕೆ ಇಳಿಸಿತು. ಖರ್ಚೇ ಕಾರಣ ಆಗಿದ್ದರೆ ಹಾಗೆ ಇಳಿಸಲು ಆಗುತ್ತಿತ್ತಾ? ಜನ ಎಷ್ಟು ಕೊಡುತ್ತಾರೆ ಅಂತ ಕೈಹಾಕಿ ನೋಡಿದ ಬೆಲೆ ಅದು.

ಪ್ರಶ್ನೆ: ಮಗನಿಗೆ ಪಿಯುಸಿ ಮುಗಿದ ಮೇಲೆ ಪಿಎಸ್‌5 ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಡಿಜಿಟಲ್ ಎಡಿಷನ್ ತಗೊಂಡರೆ ಹತ್ತು ಸಾವಿರ ಉಳಿಯುತ್ತೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಅದನ್ನೇ ತಗೊಳ್ಳಲಾ? – ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಬೇಡ ಮೇಡಂ. ಸಾಧ್ಯವಾದರೆ ಡಿಸ್ಕ್ ಹಾಕುವ ಮಾಡೆಲನ್ನೇ ತಗೊಳ್ಳಿ. ಈಗ ಉಳಿಯುವ ಹತ್ತು ಸಾವಿರ ಆಮೇಲೆ ಅದಕ್ಕಿಂತ ಜಾಸ್ತಿಯಾಗಿ ಕೈಬಿಡುತ್ತದೆ.

ಡಿಸ್ಕ್ ಇದ್ದರೆ ಮಗ ಆಡಿ ಮುಗಿಸಿದ ಮೇಲೆ ಮಾರಬಹುದು. 4,999ಕ್ಕೆ ಕೊಂಡದ್ದು 3 ಸಾವಿರಕ್ಕೆ ಹೋಯಿತು ಅಂದುಕೊಳ್ಳಿ, ನಿಮಗೆ ಬಿದ್ದ ಖರ್ಚು ಎರಡೇ ಸಾವಿರ. ನಾಲ್ಕು ಗೇಮ್ ಹೀಗೆ ಮಾರಿದರೆ 12 ಸಾವಿರ ವಾಪಸ್. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಹಳೆ ಡಿಸ್ಕ್ ಕೊಟ್ಟು ಬೇರೆ ತರುವುದು ಹುಡುಗರಿಗೆ ಮೊದಲಿನಿಂದ ರೂಢಿ. ಕೊಳ್ಳುವಾಗ ಡಿಸ್ಕ್ ತಿರುಗಿಸಿ ಬೆಳಕಿಗೆ ಹಿಡಿದು ಗೀರು ನೋಡಿ, ಸಾಧ್ಯವಾದರೆ ಅಲ್ಲೇ ಹಾಕಿಸಿ ನೋಡಿ.

ಡಿಸ್ಕ್ ಡ್ರೈವ್ ಬೇರೆ ಕೊಂಡು ಜೋಡಿಸದಿದ್ದರೆ ಡಿಜಿಟಲ್ ಎಡಿಷನ್ನಿಗೆ ಸೋನಿಯ ಆನ್‌ಲೈನ್ ಸ್ಟೋರ್ ಒಂದೇ ಅಂಗಡಿ. ಅವರು ಹೇಳಿದ್ದೇ ಬೆಲೆ. ಕೊಂಡ ಗೇಮನ್ನು ಮಾರಲು ಬರುವುದಿಲ್ಲ, ತಮ್ಮನಿಗೆ ಕೊಡೋಣ ಅಂದರೂ ಅಕೌಂಟನ್ನೇ ಕೊಡಬೇಕು. ಡಿಸ್ಕಿಗೂ ಡೌನ್‌ಲೋಡಿಗೂ ಒಂದೇ ಬೆಲೆ ಕೇಳುವುದರಲ್ಲಿ ಇರುವ ಅನ್ಯಾಯ ಇದೇ. ಮಾರುವ ಹಕ್ಕು ಕಿತ್ತುಕೊಂಡ ಮೇಲೆ ಬೆಲೆಯನ್ನೂ ಅಷ್ಟರಮಟ್ಟಿಗೆ ಇಳಿಸಬೇಕಿತ್ತು.

ಇನ್ನೊಂದು ಮಾತು. ಹಬ್ಬದ ಸಮಯದಲ್ಲಿ ಕನ್ಸೋಲ್ ಮೇಲೆ ಕೆಲವು ಸಾವಿರ ರೂಪಾಯಿ ಇಳಿಸುವುದುಂಟು. ಪರೀಕ್ಷೆ ಮುಗಿಯುವವರೆಗೂ ಕಾಯಬೇಕಿಲ್ಲ, ಆಗಲೇ ಕೊಂಡು ಬೀರುವಿನಲ್ಲಿಡಿ. ಬಿಲ್ ಮಾತ್ರ ಜೋಪಾನ, ವಾರಂಟಿ ಲೆಕ್ಕ ಬಿಲ್ಲಿನ ದಿನದಿಂದಲೇ ಶುರು.

ಪ್ರಶ್ನೆ: ಎಕ್ಸ್‌ಬಾಕ್ಸಿನ ಗೇಮ್ ಪಾಸ್ ಅಲ್ಟಿಮೇಟ್ (ಚಂದಾ ಕಟ್ಟಿ ಹಲವು ಗೇಮ್ ಆಡುವ ಸೇವೆ) ತಿಂಗಳಿಗೆ 829 ರೂಪಾಯಿ ಇದ್ದದ್ದು 1,389 ಆಯಿತಲ್ಲ. ಮುಂದುವರಿಸಲಾ, ಬಿಡಲಾ? – ಓದುಗರು, ಮೈಸೂರು

ಉತ್ತರ: ಬಿಡಿ. 2025ರ ಅಕ್ಟೋಬರಿನಲ್ಲಿ ಬಂದ ಈ ಏರಿಕೆಗೆ ಚಿಪ್ಪೂ ಕಾರಣವಲ್ಲ, ಸುಂಕವೂ ಅಲ್ಲ. ವರ್ಷಕ್ಕೆ ಹತ್ತು ಸಾವಿರದೊಳಗೆ ಇದ್ದದ್ದು ಆ ಏರಿಕೆಯಿಂದ 16,668 ಆಯಿತು. ಅಷ್ಟು ದುಡ್ಡಿಗೆ ಪೂರ್ತಿ ಬೆಲೆಯ ಮೂರು ದೊಡ್ಡ ಗೇಮ್ ಬರುತ್ತವೆ, ಸೇಲಿನಲ್ಲಾದರೆ ಇನ್ನೂ ಜಾಸ್ತಿ. ಆಡಲೇಬೇಕು ಅನ್ನಿಸಿದ ಗೇಮ್ ಅದರಲ್ಲಿ ಬಂದ ತಿಂಗಳು ಮಾತ್ರ ಕಟ್ಟಿ, ಆಡಿ ಮುಗಿಸಿ, ಆಟೊ ರಿನ್ಯೂವಲ್ ಆಫ್ ಮಾಡಿ.